ಮಂತ್ರದಂಡಕ್ಕೆ ಹೆದರಿ ಲೈಬ್ರರಿ ಕಾರ್ಡು ಕಿತ್ತುಕೊಳ್ಳಬೇಡಿ



ಈ ಸಲ ಬರೆಯುತ್ತಿರುವುದು ಸ್ವಲ್ಪ ಮುಜುಗರದ ವಿಷಯ. ಬೇರೆಯವರ ಮನೆಯೊಳಗಿನ ಮಾತು, ಅದರಲ್ಲೂ ದೇವರ ಮಾತು. ಮೇಷ್ಟ್ರಿಗೆ ಇದೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ, ಗೊತ್ತು. ಕೇಳಲಿ. ವಿಷಯ ಒಂದು ಮಗುವಿನದು, ಒಂದು ಪುಸ್ತಕದ್ದು. ಎರಡೂ ಮೇಷ್ಟ್ರ ಕೆಲಸವೇ.

ನಮ್ಮ ಶಾಲೆ ಇರುವುದು ಸತ್ಯಮಂಗಲದಿಂದ ಘಟ್ಟ ಹತ್ತಿದ ಮೇಲೆ. ತಮಿಳುನಾಡು ಸರ್ಕಾರದ ಶಾಲೆ, ಕನ್ನಡ ಮಾಧ್ಯಮ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಕೆಲವು ಹೆಸರುಗಳು ಹಾಜರಿ ಪುಸ್ತಕದಿಂದ ಬಿಟ್ಟುಹೋಗುತ್ತವೆ. ಅಪ್ಪ ಅಮ್ಮ ತಿರುಪ್ಪೂರಿಗೆ ಬನಿಯನ್ ಕಂಪನಿ ಕೆಲಸಕ್ಕೆ ಇಳಿಯುತ್ತಾರೆ, ಇಲ್ಲವೇ ಕೊಯಮತ್ತೂರಿಗೆ ಕಟ್ಟಡದ ಕೆಲಸಕ್ಕೆ. ಮಕ್ಕಳೂ ಜೊತೆಗೆ ಹೋಗುತ್ತವೆ. ಅಲ್ಲಿ ಅವರ ಬಾಡಿಗೆ ಮನೆಯ ಪಕ್ಕ ಕನ್ನಡ ಶಾಲೆ ಎಲ್ಲಿಂದ ಬರಬೇಕು? ತಮಿಳು ಮಾಧ್ಯಮಕ್ಕೆ ಸೇರುತ್ತವೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ಒಂದನೇ ತರಗತಿಯಿಂದ ತಮಿಳನ್ನೂ ಓದಿರುವುದರಿಂದ ಹೇಗೋ ನಿಭಾಯಿಸುತ್ತವೆ. ಕನ್ನಡ ಮಾತ್ರ ಹಬ್ಬಕ್ಕೆ ಊರಿಗೆ ಬಂದಾಗ ಹಾಕುವ ಬಟ್ಟೆಯಂತೆ ಆಗಿಬಿಡುತ್ತದೆ.

ಹಾಗೆ ಹೋದ ಹುಡುಗನೊಬ್ಬ ಕ್ರಿಸ್‌ಮಸ್ ರಜೆಗೆ ಅಜ್ಜಿಯ ಮನೆಗೆ ಬಂದವನು ನಮ್ಮನ್ನು ನೋಡಲು ಬಂದ. ಕ್ರೈಸ್ತ ಕುಟುಂಬ, ಮನೆಮಾತು ಕನ್ನಡ. ನಮ್ಮಲ್ಲಿದ್ದಾಗ ನಾಲ್ಕು ಪುಟದ ಪಾಠ ಓದಲು ನಲವತ್ತು ಸಲ ಹೊಟ್ಟೆನೋವು ಎನ್ನುತ್ತಿದ್ದ ಹುಡುಗ. ಅವತ್ತು ಕೂತು ಒಂದೂವರೆ ಗಂಟೆ ಒಂದು ಕತೆ ಹೇಳಿದ. ಹ್ಯಾರಿ ಪಾಟರ್! ತಿರುಪ್ಪೂರಿನ ಲೈಬ್ರರಿಯಲ್ಲಿ ಮೊದಲ ಪುಸ್ತಕದ ತಮಿಳು ಅನುವಾದ ಸಿಕ್ಕಿತ್ತಂತೆ. ತಮಿಳಿನಲ್ಲಿ ಓದಿದ್ದನ್ನು ನಮಗೆ ಕನ್ನಡದಲ್ಲಿ ಹೇಳಬೇಕಲ್ಲ, ಅದಕ್ಕೆ ಅವನೇ ಮಾತು ಕಟ್ಟಿಕೊಂಡಿದ್ದ. ಗೂಬೆ ಟಪಾಲು. ಮಾಯದ ಕಂಬಳಿ. ಆಸೆ ತೋರಿಸುವ ಕನ್ನಡಿ. ನಮ್ಮ ಹುಡುಗನ ಬಾಯಲ್ಲಿ ಇಷ್ಟು ಕನ್ನಡ ಇತ್ತೇ ಎಂದು ಬೆರಗಾಯಿತು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ದಿನಗಳು ಬೆರಳೆಣಿಕೆ.

ಈಸ್ಟರಿಗೆ ಮತ್ತೆ ಬಂದ. ಈಗ ಏನು ಓದ್ತಾ ಇದ್ದೀಯ ಎಂದು ಕೇಳಿದೆವು. "ಏನೂ ಇಲ್ಲ ಸಾ" ಅಂದ. ಕೈಯಲ್ಲಿ ಅಮ್ಮನ ಮೊಬೈಲ್ ಇತ್ತು. ಬೆರಳು ಮೇಲಕ್ಕೆ ಸರಿಯುತ್ತಲೇ ಇತ್ತು.

ನಡೆದದ್ದು ಇಷ್ಟು. ಯಾರದೋ ಮನೆಯ ಪ್ರಾರ್ಥನಾ ಕೂಟಕ್ಕೆ ಹೊರಗಿನಿಂದ ಬಂದ ಬೋಧಕರೊಬ್ಬರು, ಮಾಂತ್ರಿಕರ ಕತೆ ಓದುವ ಮನೆಗೆ ಸೈತಾನನಿಗೆ ಬಾಗಿಲು ತೆರೆದ ಹಾಗೆ ಎಂದರಂತೆ. ಅದೇ ಅರ್ಥದ ಒಂದು ವಿಡಿಯೋ ಮೊಬೈಲಿಗೂ ಬಂತಂತೆ. ತಾಯಿ ಮರುದಿನವೇ ಪುಸ್ತಕ ಹಿಂತಿರುಗಿಸಿದರು. ಅಷ್ಟಕ್ಕೆ ನಿಲ್ಲಲಿಲ್ಲ. ಲೈಬ್ರರಿ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಹೋದದ್ದು ಒಂದು ಪುಸ್ತಕ ಅಲ್ಲ ಸ್ವಾಮಿ, ಆ ಕಾರ್ಡಿನಲ್ಲಿ ಬರಬಹುದಾಗಿದ್ದ ಎಲ್ಲ ಪುಸ್ತಕ.

ನಮಗೆ ಕೋಪ ಬಂತು. ಅಜ್ಜಿಯ ಮನೆಗೇ ಹೋಗಿ ಆ ತಾಯಿಯ ಹತ್ತಿರ ಮಾತಾಡಿದೆವು. ಆಕೆ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ನೀವ್ ಓದಿದ್ದೀರಾ ಸಾ ಆ ಪುಸ್ತಕನ?"

ಓದಿರಲಿಲ್ಲ! ಓದದ ಪುಸ್ತಕದ ಪರವಾಗಿ ನಾವು, ಓದದ ಪುಸ್ತಕದ ವಿರುದ್ಧ ಅವರು. ಒಳ್ಳೆ ನ್ಯಾಯ ಪಂಚಾಯ್ತಿ. ತಲೆ ತಗ್ಗಿಸಿಕೊಂಡು ಬಂದೆವು. ಆಮೇಲೆ ಪುಸ್ತಕ ತರಿಸಿ ಓದಿದೆವು, ತಮಿಳಿನಲ್ಲೇ, ನಿಧಾನವಾಗಿ. ಸತ್ಯವೇದದ ಸಂಬಂಧಪಟ್ಟ ಭಾಗಗಳನ್ನೂ ಓದಿದೆವು. ಈಗ ಮಾತಾಡುವ ಅಧಿಕಾರ ಸ್ವಲ್ಪ ಬಂದಿದೆ ಎಂದುಕೊಂಡು ಬರೆಯುತ್ತಿದ್ದೇವೆ.

ಮೊದಲು ಆ ತಾಯಿಯ ಭಯಕ್ಕೆ ಗೌರವ ಕೊಡಬೇಕು. ಆಕೆಯ ತವರಿನಲ್ಲಿ ಜ್ವರ ಬಂದ ಮಗುವೊಂದನ್ನು ಆಸ್ಪತ್ರೆಗೆ ಒಯ್ಯದೆ ಮಂತ್ರ ಹಾಕಿಸಲು ಒಯ್ದು ಕಳೆದುಕೊಂಡಿದ್ದಾರೆ. ನಮ್ಮ ಬೆಟ್ಟದ ಸೀಮೆಯಲ್ಲಿ ಮಾಟ, ಮದ್ದು, ಕಣಿ ಎಂದರೆ ಕತೆಯಲ್ಲ. ಅದರಿಂದ ಮುರಿದ ಮನೆಗಳಿವೆ, ಅದರ ಹೆಸರಿನಲ್ಲಿ ಊರಿಂದ ದೂಡಿಸಿಕೊಂಡ ವಿಧವೆಯರಿದ್ದಾರೆ. ಕ್ರೈಸ್ತ ಸಭೆಗೆ ಬಂದ ಎಷ್ಟೋ ಕುಟುಂಬಗಳಿಗೆ ಆ ಭಯದಿಂದ ಬಿಡುಗಡೆ ಸಿಕ್ಕಿದ್ದೇ ದೊಡ್ಡ ಬಿಡುಗಡೆ. ಅಂಥವರು 'ಮಂತ್ರ' ಎಂಬ ಪದ ಕಂಡೊಡನೆ ಬೆಚ್ಚಿದರೆ ನಗಬಾರದು. ಇಂಗ್ಲಿಷ್ ಓದಿದವರು ನಗುತ್ತಾರೆ. ನಾವು ನಗುವುದಿಲ್ಲ.

ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ. ಸತ್ಯವೇದ ಬೇಡ ಎಂದದ್ದು ಯಾವುದನ್ನು?

ಧರ್ಮೋಪದೇಶಕಾಂಡದ 18ನೇ ಅಧ್ಯಾಯದಲ್ಲಿ ಪಟ್ಟಿಯೇ ಇದೆ. ಮಕ್ಕಳನ್ನು ಬೆಂಕಿಗೆ ಬಲಿ ಕೊಡುವುದು, ಕಣಿ ಹೇಳುವುದು, ಶಕುನ ನೋಡುವುದು, ಮಾಟ ಮಾಡುವುದು, ಸತ್ತವರನ್ನು ವಿಚಾರಿಸುವುದು. ಎಲ್ಲವೂ ಮಾಡುವ ಕೆಲಸಗಳು. ಇವುಗಳ ಕತೆ ಹೇಳಬೇಡ ಎಂದು ಅಲ್ಲಿಲ್ಲ. ಹಾಗೆ ಇದ್ದಿದ್ದರೆ ಸತ್ಯವೇದವೇ ಅರ್ಧ ಖಾಲಿಯಾಗುತ್ತಿತ್ತು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಹೇಳುವ ಕತೆಗಳನ್ನು ನೆನಪಿಸಿಕೊಳ್ಳಿ. ಫರೋಹನ ಮುಂದೆ ಆರೋನನ ಕೋಲು ಹಾವಾಗುತ್ತದೆ, ಐಗುಪ್ತದ ಮಂತ್ರವಾದಿಗಳ ಕೋಲುಗಳೂ ಹಾವಾಗುತ್ತವೆ, ಆರೋನನ ಕೋಲು ಅವನ್ನು ನುಂಗುತ್ತದೆ. ಬಿಳಾಮನ ಕತ್ತೆ ಬಾಯಿ ಬಿಟ್ಟು ಮಾತಾಡುತ್ತದೆ. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಯೋತಾಮ ಮರಗಳೆಲ್ಲ ಸೇರಿ ರಾಜನನ್ನು ಆರಿಸುವ ಕತೆ ಕಟ್ಟಿ ಹೇಳುತ್ತಾನೆ. ಮರಗಳು ಚುನಾವಣೆ ನಡೆಸುವುದಿಲ್ಲ ಎಂದು ಯೋತಾಮನಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಕತೆಯ ಒಳಗಿನ ನಿಜ ಮುಟ್ಟಬೇಕಾದವರಿಗೆ ಮುಟ್ಟಿತು.

ಸೌಲ ರಾಜನ ಕತೆ ಇನ್ನೂ ಮುಖ್ಯ. ದೇಶದಿಂದ ಮಾಟಗಾರರನ್ನು ಓಡಿಸಿದವನು ಅವನೇ. ಕಷ್ಟ ಬಂದಾಗ ವೇಷ ಮರೆಸಿಕೊಂಡು ರಾತ್ರಿ ಏಂದೋರಿನ ಮಾಟಗಾತಿಯ ಮನೆಗೆ ಹೋದವನೂ ಅವನೇ. ಯಾವ ಕತೆ ಓದಿ ಕೆಟ್ಟ ಅವನು? ನಿಷೇಧ ಹೊರಗೆ ಹಾಕಿದ್ದ, ಭಯ ಒಳಗೇ ಇತ್ತು.

"ಎಫೆಸದಲ್ಲಿ ಪುಸ್ತಕ ಸುಟ್ಟರಲ್ಲ?" ಎಂದು ಕೇಳುವವರಿದ್ದಾರೆ. ಹೌದು, ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯ. 50,000 ಬೆಳ್ಳಿ ನಾಣ್ಯ ಬೆಲೆಯ ಪುಸ್ತಕಗಳು. ಆದರೆ ಸ್ವಲ್ಪ ನಿಂತು ಓದಿ. ಸುಟ್ಟವರು ಯಾರು? ಮಾಟ ಮಾಡಿ ಹೊಟ್ಟೆ ಹೊರೆದವರು. ಸುಟ್ಟದ್ದು ಏನು? ತಮ್ಮದೇ ಕಸುಬಿನ ಪುಸ್ತಕಗಳನ್ನು. ತಾವಾಗಿ ತಂದು ಸುಟ್ಟರು, ಪಕ್ಕದ ಮನೆಯ ಹುಡುಗನ ಚೀಲ ತಪಾಸಣೆ ಮಾಡಿ ಅಲ್ಲ. ಇಂದಿನ ಲೆಕ್ಕದಲ್ಲಿ ಅದಕ್ಕೆ ಸಮ ಯಾವುದು ಗೊತ್ತೇ? ವಶೀಕರಣದ ಕೈಪಿಡಿ, ಹಣ ಕೊಟ್ಟು ಬರೆಸಿದ ತಗಡು. ಕರ್ನಾಟಕ ಸರ್ಕಾರ 2017ರಲ್ಲಿ ಮಾಟ ಮತ್ತು ಅಮಾನುಷ ಆಚರಣೆಗಳ ವಿರುದ್ಧ ಕಾಯ್ದೆ ಮಾಡಿತಲ್ಲ, ಅದು ಹಿಡಿಯುವುದೂ ಮಾಡುವವರನ್ನು. ಅಜ್ಜಿ ಹೇಳುವ ಮಾಟಗಾತಿಯ ಕತೆಯನ್ನಲ್ಲ.

ಇನ್ನು ದಾನಿಯೇಲ. ನಮಗೆ ಈ ಇಡೀ ವಿಷಯದಲ್ಲಿ ಮನಸ್ಸಿಗೆ ತಟ್ಟಿದ್ದು ಇವನ ಕತೆ. ಏಕೆಂದರೆ ಇವನು ನಮ್ಮ ಮಕ್ಕಳ ಹಾಗೆ ಗಡಿಯಾಚೆಗೆ ಹೋದ ಹುಡುಗ. ಊರು ಬೇರೆ, ಭಾಷೆ ಬೇರೆ, ಹೆಸರನ್ನೂ ಬದಲಾಯಿಸಿದರು. ಬಾಬೆಲಿನ ಅರಮನೆಯಲ್ಲಿ ಅವನಿಗೆ ಕಸ್ದೀಯರ ಭಾಷೆಯನ್ನೂ ಸಾಹಿತ್ಯವನ್ನೂ ಕಲಿಸಿದರು. ಆ ದೇಶವೋ ಜೋಯಿಸರಿಗೆ, ಮಂತ್ರವಾದಿಗಳಿಗೆ ಹೆಸರಾದದ್ದು. ಅವರ ಸಾಹಿತ್ಯದಲ್ಲಿ ಏನಿದ್ದಿರಬಹುದು ಎಂದು ನೀವೇ ಊಹಿಸಿ. ದಾನಿಯೇಲ ರಾಜನ ಊಟ ಬೇಡ ಎಂದ. ಪುಸ್ತಕ ಬೇಡ ಎನ್ನಲಿಲ್ಲ. ಓದಿದ, ತೇರ್ಗಡೆಯಾದ, ಎಲ್ಲರಿಗಿಂತ ಹತ್ತು ಪಾಲು ಮೇಲೆ ನಿಂತ. ಕಿಟಕಿ ತೆರೆದು ಯೆರೂಸಲೇಮಿನ ದಿಕ್ಕಿಗೆ ಮೊಣಕಾಲೂರುವುದನ್ನು ಮಾತ್ರ ಮುದುಕನಾದರೂ ಬಿಡಲಿಲ್ಲ, ಸಿಂಹದ ಗವಿಗೆ ಹಾಕುತ್ತೇವೆ ಎಂದರೂ ಬಿಡಲಿಲ್ಲ.

ಮನೆಯಲ್ಲಿ ಬೇರು ಗಟ್ಟಿಯಿದ್ದ ಹುಡುಗನಿಗೆ ಪರರ ಪುಸ್ತಕ ಏನೂ ಮಾಡಲಿಲ್ಲ. ತಾಯಂದಿರೇ, ಇದಕ್ಕಿಂತ ಧೈರ್ಯದ ಮಾತು ಬೇಕೇ?

ಈಗ ಆ ಪುಸ್ತಕದ ವಿಷಯಕ್ಕೆ ಬರೋಣ. ಜೆ.ಕೆ. ರೌಲಿಂಗ್ ಬರೆದ ಮೊದಲ ಪುಸ್ತಕ 1997ರಲ್ಲಿ ಬಂತು, ಏಳನೆಯದು 2007ರಲ್ಲಿ. ಅಮೆರಿಕದ ಗ್ರಂಥಾಲಯ ಸಂಘದ ಲೆಕ್ಕದಂತೆ 2000ದಿಂದ 2009ರವರೆಗೆ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳಲ್ಲಿ ಇದೇ ಮೊದಲನೆಯದು. ಅರ್ಕನ್ಸಾ ರಾಜ್ಯದ ಸೀಡರ್‌ವಿಲ್ ಎಂಬಲ್ಲಿ ಶಾಲಾ ಮಂಡಳಿ ಇವನ್ನು ಕಪಾಟಿನಿಂದ ತೆಗೆಸಿ, ತಂದೆತಾಯಿ ಸಹಿ ಮಾಡಿದರೆ ಮಾತ್ರ ಮಗುವಿಗೆ ಕೊಡಬೇಕು ಎಂದಿತು. ಒಂದು ಮನೆಯವರು ಕೋರ್ಟಿಗೆ ಹೋದರು. 2003ರಲ್ಲಿ ನ್ಯಾಯಾಧೀಶರು ಪುಸ್ತಕಗಳನ್ನು ಮತ್ತೆ ಕಪಾಟಿಗೆ ಇಡಿಸಿದರು. ಪೋಲೆಂಡಿನಲ್ಲಿ 2019ರಲ್ಲಿ ಪಾದ್ರಿಗಳು ಚರ್ಚಿನ ಹೊರಗೆ ಈ ಪುಸ್ತಕಗಳನ್ನು ಸುಟ್ಟರು. ಬೆಂಕಿಯೊಳಗೆ ಮರದ ಮುಖವಾಡವೂ ಇತ್ತು, ಬೆಕ್ಕಿನ ಚಿತ್ರದ ಮಕ್ಕಳ ಛತ್ರಿಯೂ ಇತ್ತು! ಲೋಕವೆಲ್ಲ ಆ ಫೋಟೋ ನೋಡಿ ಛೀಮಾರಿ ಹಾಕಿದ ಮೇಲೆ ಅಲ್ಲಿನ ಪಾದ್ರಿ ಕ್ಷಮೆ ಕೇಳಿದರು.

ದೊಡ್ಡವರೆಲ್ಲ ಒಂದೇ ಮಾತು ಹೇಳಿದ್ದಾರೆಯೇ? ಅದೂ ಇಲ್ಲ. 2003ರ ಫೆಬ್ರವರಿಯಲ್ಲಿ ವ್ಯಾಟಿಕನ್ನಿನ ಪತ್ರಿಕಾಗೋಷ್ಠಿಯಲ್ಲೇ ಪೀಟರ್ ಫ್ಲೀಟ್‌ವುಡ್ ಎಂಬ ಪಾದ್ರಿ ಈ ಪುಸ್ತಕಗಳಿಂದ ತೊಂದರೆ ಕಾಣುವುದಿಲ್ಲ ಎಂದರು. ಮರು ತಿಂಗಳೇ ಕಾರ್ಡಿನಲ್ ರಾಟ್ಸಿಂಗರ್, ಮುಂದೆ ಪೋಪ್ ಬೆನೆಡಿಕ್ಟ್ ಆದವರು, ಈ ಪುಸ್ತಕಗಳನ್ನು ಟೀಕಿಸಿ ಬರೆದ ಜರ್ಮನಿಯ ಲೇಖಕಿಗೆ ಮೆಚ್ಚುಗೆಯ ಪತ್ರ ಬರೆದರು. 2008ರಲ್ಲಿ ವ್ಯಾಟಿಕನ್ನಿನ ಪತ್ರಿಕೆ ಪರ ಒಂದು, ವಿರೋಧ ಒಂದು ಲೇಖನ ಅಕ್ಕಪಕ್ಕ ಹಾಕಿತು. ಮರುವರ್ಷ ಆರನೆಯ ಸಿನಿಮಾವನ್ನು ಹೊಗಳಿತು. ದೇವಶಾಸ್ತ್ರ ಅರೆದು ಕುಡಿದವರೇ ವರ್ಷಗಟ್ಟಲೆ ಹಿಂದೆ ಮುಂದೆ ನೋಡಿದ ವಿಷಯವನ್ನು ಎರಡು ನಿಮಿಷದ ಫಾರ್ವರ್ಡ್ ವಿಡಿಯೋ ನಿಮ್ಮ ಮನೆಗೆ ಬಂದು ತೀರ್ಮಾನಿಸಿತು. ಇದು ಸರಿಯೇ?

ಪುಸ್ತಕದೊಳಗೆ ಏನಿದೆ? ಮಾಂತ್ರಿಕರಿದ್ದಾರೆ, ಭೂತಗಳಿವೆ, ಸುಳ್ಳು ಹೇಳುವ ಮಕ್ಕಳೂ ಇದ್ದಾರೆ. ಮುಚ್ಚಿಡುವುದಿಲ್ಲ. ಆದರೆ ಮೊದಲ ಪುಸ್ತಕದ ಗಂಟು ಬಿಚ್ಚುವುದು ಎಲ್ಲಿ ಗೊತ್ತೇ? ದುಷ್ಟನಿಗೆ ಆ ಹುಡುಗನನ್ನು ಮುಟ್ಟಲಾಗುವುದಿಲ್ಲ. ಯಾಕೆಂದರೆ ಅವನ ತಾಯಿ ಮಗನಿಗಾಗಿ ಪ್ರಾಣ ಕೊಟ್ಟಿದ್ದಾಳೆ, ಆ ಪ್ರೀತಿ ಅವನ ಚರ್ಮದಲ್ಲೇ ಇದೆ. ಸಾವಿಲ್ಲದ ಬದುಕು ಕೊಡುವ ಕಲ್ಲನ್ನು ಕೊನೆಗೆ ಒಡೆದು ಹಾಕುತ್ತಾರೆ. ಸಾಯದೆ ಉಳಿಯಬೇಕೆಂದು ಹಟ ಹಿಡಿದವನೇ ಅಲ್ಲಿ ರಾಕ್ಷಸ. ಒಬ್ಬರು ಇನ್ನೊಬ್ಬರಿಗಾಗಿ ಪ್ರಾಣ ಕೊಟ್ಟು ಕಾಪಾಡಿದ ಕತೆ ಕ್ರೈಸ್ತರ ಮನೆಗೆ ಹೊಸದೇ? ಏಳನೆಯ ಪುಸ್ತಕದಲ್ಲಿ ಎರಡು ಸಮಾಧಿಗಳ ಮೇಲೆ ಬೈಬಲ್ಲಿನ ಮಾತುಗಳನ್ನೇ ಕೆತ್ತಿರುತ್ತಾರೆ. ಲೇಖಕಿ ಸ್ಕಾಟ್ಲೆಂಡಿನ ಸಭೆಗೆ ಸೇರಿದವರು. ಇದು ನಮ್ಮ ಫಾರ್ವರ್ಡ್ ಬೋಧಕರ ವಿಡಿಯೋದಲ್ಲಿ ಇರಲಿಲ್ಲ.

ಅವರೊಬ್ಬರೇ ಏನು? ನಾರ್ನಿಯಾ ಕತೆಗಳನ್ನು 1950ರಿಂದ 1956ರವರೆಗೆ ಪ್ರಕಟಿಸಿದ ಸಿ.ಎಸ್. ಲೂಯಿಸ್ ಕ್ರೈಸ್ತ ಧರ್ಮದ ಪರವಾಗಿ ಪುಸ್ತಕಗಳನ್ನೇ ಬರೆದವರು. ಅವರ ಕತೆಯಲ್ಲೂ ಮಾಟಗಾತಿ ಇದ್ದಾಳೆ, ಮಾತಾಡುವ ಸಿಂಹ ಇದೆ. ಉಂಗುರದ ಕತೆ ಬರೆದ ಟೋಲ್ಕಿನ್ ಕ್ಯಾಥೊಲಿಕ್. ಅದಕ್ಕೂ ಹಿಂದೆ 1678ರಲ್ಲಿ ಜಾನ್ ಬನಿಯನ್ ಬರೆದ ಯಾತ್ರಿಕನ ಕತೆಯಲ್ಲಿ ದೈತ್ಯನಿದ್ದಾನೆ, ಮೀನಿನ ಚಿಪ್ಪು, ಹಾರುವ ರೆಕ್ಕೆ ಇರುವ ರಾಕ್ಷಸನಿದ್ದಾನೆ. 19ನೇ ಶತಮಾನದಲ್ಲೇ ಅದನ್ನು ಬಾಸೆಲ್ ಮಿಶನ್ನಿನವರು ಕನ್ನಡಕ್ಕೆ ತಂದು 'ಯಾತ್ರಿಕನ ಸಂಚಾರ' ಎಂದು ಹಂಚಿದರು. ಆಗ ಯಾವ ಮನೆಗೂ ಸೈತಾನ ನುಗ್ಗಲಿಲ್ಲ.

ಬಾಸೆಲ್ ಮಿಶನ್ನಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇವೆ. 1868ಕ್ಕೆ ಮೊದಲು ನೀಲಗಿರಿ ಬೆಟ್ಟ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಕೇತಿಯಲ್ಲಿ 1840ರ ದಶಕದಲ್ಲಿ ಮಿಶನ್ನಿನವರು ನೆಲೆ ಮಾಡಿದರು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅಲ್ಲೇ ಇದ್ದವರು. ಅವರು ಕೊಟ್ಟ ಹಣದಿಂದ 1848ರಿಂದೀಚೆಗೆ ಹರ್ಮನ್ ಮೋಗ್ಲಿಂಗ್ ಮತ್ತು ಅವರ ಬಂಧು ವೈಗಲ್ ಕನ್ನಡದ ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸಿದರು. ಯಾವ ಕಾವ್ಯಗಳು? ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳು. ಜೈಮಿನಿ ಭಾರತದಲ್ಲಿ ಸುಧನ್ವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿದರೂ ಸುಡುವುದಿಲ್ಲ. ಬಸವ ಪುರಾಣದ ತುಂಬ ಪವಾಡಗಳೇ. ಮೋಗ್ಲಿಂಗರು ಈ ದೇವರುಗಳನ್ನು ನಂಬಿದವರಲ್ಲ, ಯೇಸುವನ್ನು ಸಾರಲು ಬಂದವರು. ಇಲ್ಲಿನ ನಂಬಿಕೆಗಳನ್ನು ಟೀಕಿಸಿದ್ದೂ ಉಂಟು. ಆದರೂ ತಾಳೆಗರಿಗಳನ್ನು ಒಲೆಗೆ ಹಾಕಲಿಲ್ಲ, ಅಚ್ಚಿನ ಮನೆಗೆ ಕಳಿಸಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದವರೂ ಅವರೇ. ನಂಬದ ಕತೆಯನ್ನೂ ಓದಬಹುದು, ಉಳಿಸಬಹುದು, ನಂಬಿಕೆ ಕೆಡುವುದಿಲ್ಲ ಎಂದು ತೋರಿಸಿಕೊಟ್ಟವರು ಕ್ರೈಸ್ತ ಮಿಶನರಿಗಳೇ. ಅವರ ಹೆಸರಿನ ಸಭೆಗಳವರು ಇವತ್ತು ಮಕ್ಕಳ ಪುಸ್ತಕಕ್ಕೆ ಹೆದರಬೇಕೇ?

ಹೆದರಿದರೂ ಎಷ್ಟು ಬೇಲಿ ಹಾಕುತ್ತೀರಿ? ತಿರುಪ್ಪೂರು ಜಿಲ್ಲೆಯ ಅವಿನಾಶಿಯಲ್ಲಿ ಸುಂದರಮೂರ್ತಿ ನಾಯನಾರರು ಹಾಡಿ ಮೊಸಳೆ ನುಂಗಿದ ಹುಡುಗನನ್ನು ಬದುಕಿಸಿದ ಕತೆಯನ್ನು ಪಕ್ಕದ ಬೆಂಚಿನ ಹುಡುಗ ಹೇಳುತ್ತಾನೆ. ಊರಿಗೆ ಬಂದರೆ ಹುಲಿಯ ಮೇಲೆ ಕೂತ ಮಾದಪ್ಪನ ಕಂಸಾಳೆ ಕೇಳಿಸುತ್ತದೆ. ಎ.ಕೆ. ರಾಮಾನುಜನ್ ನಮ್ಮ ಜನರಿಂದಲೇ ಸಂಗ್ರಹಿಸಿದ, ಹುಡುಗಿ ಹೂವಿನ ಮರವಾಗುವ ಕತೆ ಇದೆ. ಅದನ್ನೇ ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಸಿನಿಮಾ ಮಾಡಿದರು. ಚಂದಮಾಮ ಓದಿ ಬೆಳೆದ ನಮ್ಮ ತಲೆಮಾರಿನಲ್ಲಿ ಕ್ರೈಸ್ತ ಗೆಳೆಯರೂ ಇದ್ದರು. ಬೇತಾಳ ಹೆಗಲೇರಿದ ಕತೆ ಓದಿ ಒಬ್ಬನೂ ಸ್ಮಶಾನಕ್ಕೆ ಹೋಗಲಿಲ್ಲ. ಒಬ್ಬರು ಈಗ ಸಭಾಪಾಲಕರೇ ಆಗಿದ್ದಾರೆ!

ನಮ್ಮ ಮಾತಿಗೂ ಮಿತಿ ಇದೆ, ಒಪ್ಪುತ್ತೇವೆ. ಎಲ್ಲ ಪುಸ್ತಕ ಎಲ್ಲ ವಯಸ್ಸಿಗೆ ಅಲ್ಲ. ಐದು ವರ್ಷದ ಮಗುವಿಗೆ ಕತೆ ಯಾವುದು ನಿಜ ಯಾವುದು ತಿಳಿಯುವುದಿಲ್ಲ. ರಾತ್ರಿ ಹೆದರಿ ಏಳುವ ಮಗುವಿಗೆ ಭೂತದ ಕತೆ ಬೇಡ. ಹ್ಯಾರಿ ಪಾಟರ್ ಕೂಡ ನಾಲ್ಕನೆಯ ಪುಸ್ತಕದಿಂದ ಕಪ್ಪಾಗುತ್ತಾ ಹೋಗುತ್ತದೆ, ಸಾವುಗಳು ಬರುತ್ತವೆ. ಅದನ್ನು ಎಂಟು ವರ್ಷದ ಮಗುವಿನ ಕೈಗೆ ನಾವೂ ಕೊಡುವುದಿಲ್ಲ. ಮತ್ತೆ, ಎಲ್ಲ ಓದಿ, ಯೋಚಿಸಿ, ಪ್ರಾರ್ಥನೆ ಮಾಡಿ, "ನಮ್ಮ ಮನೆಗೆ ಇದು ಬೇಡ" ಎಂದು ತೀರ್ಮಾನಿಸಿದ ತಂದೆತಾಯಿಯರ ಜೊತೆ ನಮ್ಮ ಜಗಳವಿಲ್ಲ. ಅದು ಅವರ ಹಕ್ಕು. ನಮ್ಮ ಜಗಳ ಓದದೆ ತೀರ್ಪು ಕೊಟ್ಟವರ ಜೊತೆ. ನೆಗಡಿ ಬಂತೆಂದು ಮೂಗು ಕೊಯ್ದವರ ಜೊತೆ.

ಇನ್ನೊಂದು ಜಗಳವೂ ಇದೆ. ಪುಸ್ತಕ ಕಿತ್ತುಕೊಂಡ ಕೈಗೆ ಮೊಬೈಲ್ ಕೊಟ್ಟಿರಲ್ಲ, ಅದು ಯಾವ ಅಧ್ಯಾಯದಲ್ಲಿದೆ? ಪುಸ್ತಕವನ್ನು ನೀವು ತೆರೆದು ನೋಡಬಹುದು. ಮಗು ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಏನು ನೋಡಿತು ಎಂದು ಯಾರು ನೋಡಿದರು? ಮಂತ್ರದಂಡ ಸುಳ್ಳು ಎಂದು ಆರನೇ ಕ್ಲಾಸಿನ ಹುಡುಗನಿಗೆ ಗೊತ್ತು. ಸಾವಿರ ರೂಪಾಯಿ ಕಾಣಿಕೆ ಕೊಟ್ಟರೆ ಹತ್ತು ಸಾವಿರ ಬರುತ್ತದೆ, ಮಾತ್ರೆ ನಿಲ್ಲಿಸಿ ಎಣ್ಣೆ ಹಚ್ಚಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎನ್ನುವುದು ಸುಳ್ಳು ಎಂದು ದೊಡ್ಡವರಿಗೇ ಗೊತ್ತಾಗುವುದಿಲ್ಲ. ಹಣ ಕೊಟ್ಟು ದೇವರ ಶಕ್ತಿ ಕೊಳ್ಳಲು ಹೊರಟ ಸಿಮೋನನನ್ನು ಪೇತ್ರ ಹೇಗೆ ಗದರಿಸಿದ ಎಂದು ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿದೆ. ಮನೆಗೆ ಬರುವ ಮಾಂತ್ರಿಕ ಗೂಬೆಯ ಜೊತೆ ಬರುವುದಿಲ್ಲ. ಬಿಳಿ ಅಂಗಿ ಹಾಕಿಕೊಂಡೂ ಬರುತ್ತಾನೆ, ಕಾವಿ ಹಾಕಿಕೊಂಡೂ ಬರುತ್ತಾನೆ. ಎಲ್ಲ ಧರ್ಮದವರಿಗೂ ಈ ಮಾತು.

ಕೊನೆಗೆ ನಮ್ಮ ಕಡೆಯ ತಪ್ಪು. ಇದನ್ನು ಹೇಳದಿದ್ದರೆ ಬರೆದದ್ದೆಲ್ಲ ಬೂಟಾಟಿಕೆಯಾಗುತ್ತದೆ. ಆ ಹುಡುಗ ಐದು ವರ್ಷ ನಮ್ಮ ಶಾಲೆಯಲ್ಲಿದ್ದ. ನಮ್ಮಲ್ಲೂ ಕತೆ ಪುಸ್ತಕಗಳ ಬೀರು ಇದೆ. ಆಡಿಟ್ ಆಗುತ್ತದೆ, ಪುಸ್ತಕ ಹರಿದರೆ ಲೆಕ್ಕ ಕೊಡಬೇಕು ಎಂದು ಹೆದರಿ ನಾವೂ ಅದಕ್ಕೆ ಬೀಗ ಹಾಕಿದ್ದೆವು. ಆ ತಾಯಿ ದೇವರಿಗೆ ಹೆದರಿ ಪೆಟ್ಟಿಗೆಗೆ ಬೀಗ ಹಾಕಿದರು, ನಾವು ರಿಜಿಸ್ಟರಿಗೆ ಹೆದರಿ ಬೀರುವಿಗೆ ಬೀಗ ಹಾಕಿದೆವು. ಯಾರ ಭಯ ದೊಡ್ಡದು ಹೇಳಿ? ಕನ್ನಡದ ಹುಡುಗನಿಗೆ ಮೊದಲ ಸಲ ನಿದ್ದೆಗೆಡಿಸುವ ಕತೆ ಸಿಕ್ಕಿದ್ದು ತಮಿಳಿನಲ್ಲಿ. ತಮಿಳಿನ ಮೇಲೆ ನಮಗೆ ಮುನಿಸಿಲ್ಲ, ಆ ಭಾಷೆಗೆ ಕೈ ಮುಗಿಯುತ್ತೇವೆ. ನಾಚಿಕೆ ನಮ್ಮದು. ಗಡಿಯಾಚೆಯ ಕನ್ನಡ ಉಳಿಯುವುದು ನವೆಂಬರ್ ಒಂದರ ಬಾವುಟದಿಂದಲ್ಲ. ಓದುವ ರುಚಿ ಹತ್ತಿದ ಮಗು ಯಾವ ಭಾಷೆಯಲ್ಲಿ ಓದಿದರೂ ಒಂದು ದಿನ ತನ್ನ ಭಾಷೆಗೆ ಬಂದು ಕತೆ ಹೇಳುತ್ತದೆ, ಆ ಕ್ರಿಸ್‌ಮಸ್ ರಜೆಯಲ್ಲಿ ಬಂದು ಹೇಳಿದ ಹಾಗೆ. ರುಚಿಯೇ ಸತ್ತರೆ ಯಾವ ಭಾಷೆಯೂ ಇಲ್ಲ.

ಈಗ ಬೀರುವಿನ ಬೀಗ ತೆಗೆದಿದ್ದೇವೆ. ಹರಿದರೆ ಹರಿಯಲಿ.

ತಂದೆತಾಯಿಯರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಬೇಡ ಎನ್ನುವ ಮೊದಲು ನೀವು ಓದಿ. ಓದಲು ಬಾರದಿದ್ದರೆ ಮಗುವಿನಿಂದ ಓದಿಸಿ ಕೇಳಿ. ಬೇಡ ಎಂದರೆ ಯಾಕೆ ಬೇಡ ಎಂದು ಮಗುವಿಗೆ ಕೂರಿಸಿ ಹೇಳಿ, ಮಗು ಕೇಳುವ ಪ್ರಶ್ನೆಗೆ ಉತ್ತರ ಕೊಡಿ. ಕಿತ್ತುಕೊಂಡ ಕೈಗೆ ಅದೇ ದಿನ ಇನ್ನೊಂದು ಪುಸ್ತಕ ಇಡಿ. ನಾರ್ನಿಯಾ ಇಡಿ, ಪಂಚತಂತ್ರ ಇಡಿ, ದಾನಿಯೇಲನ ಕತೆ ಇಡಿ. ಕೈ ಖಾಲಿ ಬಿಡಬೇಡಿ.

ಆ ತಾಯಿಯ ಹತ್ತಿರ ಮತ್ತೆ ಫೋನಿನಲ್ಲಿ ಮಾತಾಡಿದೆವು. "ಈಗ ಓದಿದ್ದೇವೆ ತಾಯಿ" ಎಂದೆವು. ಆಕೆ ನಕ್ಕರು. ಆಕೆಗೆ ತಮಿಳು ಓದಲು ಬಾರದು. ರಾತ್ರಿ ಶಿಫ್ಟು ಇಲ್ಲದ ದಿನ ಮಗ ಓದಿ ಕನ್ನಡದಲ್ಲಿ ಹೇಳುವುದು, ಆಕೆ ಕೇಳುವುದು ಎಂದು ಮಾತಾಗಿದೆ. ಮೊದಲ ಮೂರು ಅಧ್ಯಾಯ ಕೇಳಿ ಆಮೇಲೆ ತೀರ್ಮಾನ ಹೇಳುತ್ತಾರಂತೆ. ಬೇಡ ಎಂದರೂ ಒಪ್ಪಿಕೊಳ್ಳುತ್ತೇವೆ, ಮಾತು ಕೊಟ್ಟಿದ್ದೇವೆ. ಸದ್ಯಕ್ಕೆ ಲೈಬ್ರರಿ ಕಾರ್ಡು ಪೆಟ್ಟಿಗೆಯಿಂದ ಹೊರಗೆ ಬಂದಿದೆ.

ನಿಮ್ಮ ಮನೆಯ ಕಾರ್ಡು ಎಲ್ಲಿದೆ?